ಒಗ್ಗರಣೆ ಡಬ್ಬಿಯಲ್ಲಿ ಸ್ಪ್ಯಾನಿಷ್

"ಅಲ್ಲ ಕಣೇ, ಐವತ್ತೊಂಬತ್ತು ವರ್ಷಕ್ಕೆ ನಿನಗ್ಯಾಕೆ ಈ ಉಸಾಬರಿ? ಕನ್ನಡಕ ಎಲ್ಲಿಟ್ಟೆ ಅನ್ನೋದೇ ನೆನಪಿರೋದಿಲ್ಲ, ಇನ್ನು ಸ್ಪ್ಯಾನಿಷ್ ನೆನಪಿರುತ್ತಾ?" ಎಂದು ನಮ್ಮ ಯಜಮಾನರು ನಕ್ಕಿದ್ದು 2023ರ ಯುಗಾದಿಯ ಮಾರನೆಯ ದಿನ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕನ್ನಡಕ ಆಗ ನನ್ನ ತಲೆಯ ಮೇಲೇ ಇತ್ತು!

ಆದರೆ ನನ್ನ ಕಷ್ಟ ನನಗೆ. ಮಗಳು ಇರುವುದು ಮೆಕ್ಸಿಕೋ ದೇಶದ ಗ್ವಾದಲಹಾರದಲ್ಲಿ. ಕಂಪ್ಯೂಟರ್ ಕಂಪೆನಿಯ ಕೆಲಸಕ್ಕೆಂದು ಹೋದವಳು ಅಲ್ಲಿಯ ಹುಡುಗನನ್ನೇ ಮೆಚ್ಚಿ ಮದುವೆಯಾದಳು. ಹುಡುಗ ಬಂಗಾರದಂಥವನು, ಆ ಮಾತು ಬೇರೆ. ಅಳಿಯನಿಗೆ ಇಂಗ್ಲಿಷ್ ಬರುತ್ತದೆ, ನಮ್ಮ ಬೀಗಿತ್ತಿಗೆ ಬರುವುದಿಲ್ಲ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ. ಮದುವೆಯಲ್ಲಿ ನಾವಿಬ್ಬರೂ ಕೈ ಕೈ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ರಾತ್ರಿ ನೋಡಿದರೆ ದವಡೆ ನೋವು!

ಈಗ ಸೆಪ್ಟೆಂಬರಿನಲ್ಲಿ ಮಗಳ ಹೆರಿಗೆ. ಬಾಣಂತನಕ್ಕೆ ನಾನೇ ಹೋಗಬೇಕು. ಎರಡು ತಿಂಗಳು ನಗುತ್ತಲೇ ಸಂಸಾರ ನಡೆಸಲಾಗುತ್ತದೆಯೇ? ಒಂದು ಪುಸ್ತಕ ತರಿಸಿ, ದಿನಕ್ಕೆ ಇಪ್ಪತ್ತು ಪದದಂತೆ ಉರುಹೊಡೆಯಲು ಕೂತೆ. ಮಗ್ಗಿ ಕಲಿತವರಲ್ಲವೇ ನಾವು? ಬೆಳಿಗ್ಗೆ ಹಾಲು ಕಾಯಿಸುವಾಗ ಇಪ್ಪತ್ತೂ ಬಾಯಲ್ಲಿ ಸರಾಗ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಲ್ಕು ಉಳಿದಿರುತ್ತಿದ್ದವು. ಮಾರನೆಯ ದಿನ ಆ ನಾಲ್ಕರಲ್ಲೂ ಎರಡು ಗುಳುಂ. ಒಂದು ದಿನ ಅಡುಗೆಮನೆಯಲ್ಲಿ ಕೂತು ಅತ್ತೂಬಿಟ್ಟೆ. ನಮ್ಮ ಅತ್ತೆಯವರು ಕಡೆಗಾಲದಲ್ಲಿ ಮಕ್ಕಳ ಹೆಸರೇ ಮರೆತಿದ್ದರು. ನನಗೂ ಅದೇ ಶುರುವಾಯಿತೇನೋ ಎಂಬ ಹೆದರಿಕೆ. ಯಾರಿಗೂ ಹೇಳಲಿಲ್ಲ.

ಕಡೆಗೆ ತಂಗಿಯ ಮಗನಿಗೆ ಹೇಳಿದೆ. ಅವನು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಹೇಳುತ್ತಾನೆ. "ದೊಡ್ಡಮ್ಮ, ಇದು ಕಾಯಿಲೆಯಲ್ಲ. ಎಲ್ಲರಿಗೂ ಹೀಗೇ ಆಗೋದು" ಎಂದ. ಜರ್ಮನಿಯಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಪಂಡಿತ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಪುಸ್ತಕ ಬರೆದನಂತೆ. ಅರ್ಥವಿಲ್ಲದ ಸಣ್ಣ ಸಣ್ಣ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡುವುದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಲೆಕ್ಕವಿಡುವುದು. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಹಾರಿಹೋಗುತ್ತಿತ್ತಂತೆ. ಅಂಥ ಪಂಡಿತನಿಗೇ ಹಾಗಾದರೆ ನನ್ನದೇನು! ಮನಸ್ಸು ಎಷ್ಟು ಹಗುರವಾಯಿತೆಂದರೆ ಆ ದಿನ ಹುಡುಗನಿಗೆ ಹೋಳಿಗೆ ಮಾಡಿ ಹಾಕಿದೆ.

ಹೋಳಿಗೆ ತಿಂದ ಋಣಕ್ಕೆ ಅವನೊಂದು ಉಪಾಯ ಹೇಳಿಕೊಟ್ಟ. ಸೆಬಾಸ್ಟಿಯನ್ ಲೈಟ್ನರ್ ಎಂಬಾತ 1972ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದದ್ದು. ಚೀಟಿಯ ಒಂದು ಕಡೆ ಹೊಸ ಪದ, ಹಿಂದುಗಡೆ ಅರ್ಥ. ಐದು ಖಾನೆಯ ಒಂದು ಪೆಟ್ಟಿಗೆ. ಅರ್ಥ ಸರಿಯಾಗಿ ಹೇಳಿದರೆ ಚೀಟಿಗೆ ಮುಂದಿನ ಖಾನೆಗೆ ಬಡ್ತಿ. ತಪ್ಪಿದರೆ ಎಷ್ಟನೆಯ ಖಾನೆಯಲ್ಲಿದ್ದರೂ ಮತ್ತೆ ಒಂದನೆಯದಕ್ಕೆ. ಒಂದನೆಯ ಖಾನೆಯನ್ನು ದಿನವೂ ನೋಡಬೇಕು, ಎರಡನೆಯದನ್ನು ಎರಡು ಮೂರು ದಿನಕ್ಕೊಮ್ಮೆ, ಕೊನೆಯದನ್ನು ಅಪರೂಪಕ್ಕೆ. ಗೊತ್ತಿರುವ ಪದದ ಮೇಲೆ ಹೊತ್ತು ಕಳೆಯದೆ, ಜಾರುವ ಪದವನ್ನೇ ಮತ್ತೆ ಮತ್ತೆ ಹಿಡಿಯುವುದು. ಮುಖ್ಯವಾದ ಮಾತೆಂದರೆ, ಅರ್ಥವನ್ನು ಕಣ್ಣಲ್ಲಿ ನೋಡಿ ತಲೆಯಾಡಿಸಬಾರದು. ಹಿಂದುಗಡೆ ತಿರುಗಿಸುವ ಮೊದಲು ತಲೆಯೊಳಗಿಂದ ತಾನೇ ಎಳೆದು ತೆಗೆಯಬೇಕು. ತುಂಬಿದ್ದಕ್ಕಲ್ಲ, ತೆಗೆದದ್ದಕ್ಕೆ ನೆನಪು ಗಟ್ಟಿಯಾಗುವುದಂತೆ.

ಪೆಟ್ಟಿಗೆಗೆ ಎಲ್ಲಿಗೆ ಹೋಗಲಿ? ಅಟ್ಟದ ಮೇಲೆ ನಮ್ಮಮ್ಮ ಕೊಟ್ಟ ಹಳೆಯ ಹಿತ್ತಾಳೆ ಒಗ್ಗರಣೆ ಡಬ್ಬಿ ಇತ್ತು, ಏಳು ಬಟ್ಟಲಿನದು. ತೊಳೆದು ಒಣಗಿಸಿದೆ. ಹಳೆಯ ಲಗ್ನಪತ್ರಿಕೆಗಳನ್ನು ಸಣ್ಣಗೆ ಕತ್ತರಿಸಿ ಖಾಲಿ ಬೆನ್ನಿನ ಮೇಲೆ ಬರೆದೆ. ಆ ಭಾಷೆಯಲ್ಲಿ ಜಡವಸ್ತುವಿಗೂ ಗಂಡು ಹೆಣ್ಣೆಂಬ ಭೇದ. ಪುಸ್ತಕ ಗಂಡು, ಮೇಜು ಹೆಣ್ಣು! ಹೆಣ್ಣಿಗೆ ಕೆಂಪು ಶಾಯಿ, ಗಂಡಿಗೆ ನೀಲಿ ಎಂದು ಇಟ್ಟುಕೊಂಡೆ. ಉಪಾಯ ನೀವೂ ಮಾಡಿನೋಡಿ, ಆದರೆ ಡಬ್ಬಿಯನ್ನು ಚೆನ್ನಾಗಿ ತೊಳೆಯಿರಿ. ನನ್ನ ಮೂರನೆಯ ಬಟ್ಟಲಿನ ಪದಗಳಿಗೆ ಇಂದಿಗೂ ಇಂಗಿನ ವಾಸನೆ.

ಜಾರುವ ಪದಕ್ಕೆ ಇನ್ನೊಂದು ಕೊಕ್ಕೆಯನ್ನೂ ಹುಡುಗನೇ ಹೇಳಿದ. ಹೊಸ ಪದ ನಮ್ಮ ಭಾಷೆಯ ಯಾವ ಮಾತಿನ ಹಾಗೆ ಕೇಳಿಸುತ್ತದೋ ಅದನ್ನೂ ಅರ್ಥವನ್ನೂ ಸೇರಿಸಿ ಮನಸ್ಸಿನಲ್ಲಿ ಒಂದು ಚಿತ್ರ ಮಾಡಿಕೊಳ್ಳುವುದು. ಅಮೆರಿಕದಲ್ಲಿ ಆಟ್ಕಿನ್ಸನ್ ಮತ್ತು ರಾ ಎಂಬಿಬ್ಬರು 1975ರಲ್ಲಿ ಇದನ್ನು ಸ್ಪ್ಯಾನಿಷ್ ಪದಗಳ ಮೇಲೇ ಪರೀಕ್ಷಿಸಿ ನೋಡಿದ್ದಾರಂತೆ. ಇದಂತೂ ನಮ್ಮ ಹೆಂಗಸರಿಗೆ ಹೇಳಿ ಮಾಡಿಸಿದ ಆಟ. ಚಮಚಕ್ಕೆ ಅವರು 'ಕುಚಾರಾ' ಅನ್ನುತ್ತಾರೆ. ನಮ್ಮ ಕುಚೇಲ ಅವಲಕ್ಕಿಯನ್ನು ಚಮಚದಲ್ಲಿ ತಿನ್ನುತ್ತಿದ್ದಾನೆ ಅಂದುಕೊಂಡೆ, ಮುಗಿಯಿತು. ಬೆಳ್ಳುಳ್ಳಿ 'ಆಹೋ'. ಒಗ್ಗರಣೆಗೆ ಬಿದ್ದಾಗ ಆಹಾ ಅನ್ನುವುದಿಲ್ಲವೇ? ಟವೆಲಿಗೆ 'ತೊಆಯಾ': ತೊಯ್ದರೆ ತೊಆಯಾ ಬೇಕು. ತೊಟ್ಟಿಲು 'ಕೂನಾ', ಕೂಸು ಮಲಗುವ ಕೂನಾ. ಹಾಸಿಗೆ 'ಕಾಮಾ'. ಅದಕ್ಕೆ ಕೊಕ್ಕೆಯೇ ಬೇಕಾಗಲಿಲ್ಲ, ಯಾಕೆ ಎಂದು ಕೇಳಬೇಡಿ!

ಕೆಲವು ಪದಗಳು ಮೊದಲೇ ನೆಂಟರು. ಸಾಬೂನು ಅಲ್ಲಿ 'ಹಬೋನ್'. ಪೋರ್ಚುಗೀಸರು ನಮ್ಮಲ್ಲಿ ಬಿಟ್ಟುಹೋದ ಅಲಮಾರು 'ಅರ್ಮಾರಿಯೊ'. ಅವೆರಡು ಅಕ್ಕತಂಗಿ ಭಾಷೆಗಳಂತೆ. ಇನ್ನು ಟೊಮೇಟೊ, ಸಪೋಟ, ಸೀಮೆಬದನೆ ಇವೆಲ್ಲ ಆ ಸೀಮೆಯ ಬೆಳೆಗಳೇ. ಸಪೋಟವನ್ನು ಅವರು 'ಚಿಕೊಸಪೋತೆ' ಅನ್ನುತ್ತಾರೆ. ನಮ್ಮ ಚಿಕ್ಕೂ, ಸಪೋಟ ಎರಡು ಹೆಸರೂ ಅದರೊಳಗೇ ಕೂತಿವೆ.

ಎಲ್ಲಕ್ಕಿಂತ ನಗು ಬಂದದ್ದು ಹಕಾರದ ವಿಷಯಕ್ಕೆ. ಸ್ಪ್ಯಾನಿಷ್ ಬರವಣಿಗೆಯಲ್ಲಿ ಅವರ 'ಹಾಚೆ' ಎಂಬ ಹಕಾರ ಇರುತ್ತದೆ, ಬಾಯಲ್ಲಿ ಇರುವುದಿಲ್ಲ. (ಹಬೋನ್, ಆಹೋ ಮುಂತಾದವುಗಳ ಹಕಾರ ಬೇರೆ ಅಕ್ಷರದ್ದು.) ಲ್ಯಾಟಿನ್‌ನ 'ಫರೀನಾ', ಅಂದರೆ ಹಿಟ್ಟು, ಮೊದಲು 'ಹರೀನಾ' ಆಗಿ ಈಗ 'ಅರೀನಾ' ಆಗಿದೆಯಂತೆ. ನಮ್ಮ ಹಳಗನ್ನಡದ 'ಪಾಲು' 'ಹಾಲು' ಆಗಿ, ನಮ್ಮ ಮಂಡ್ಯದ ಕಡೆ 'ಆಲು' ಆಗಲಿಲ್ಲವೇ? 'ಆಲು' ಅಂದದ್ದಕ್ಕೆ ಸ್ಕೂಲಿನಲ್ಲಿ ಮೇಷ್ಟ್ರು ನನ್ನ ಕೈಗೆ ಬೆತ್ತದಲ್ಲಿ ಬಾರಿಸಿದ್ದರು. ಅಲ್ಲಿ ನೋಡಿದರೆ ದೇಶಕ್ಕೆ ದೇಶವೇ ಹಕಾರ ನುಂಗಿ ಕೂತಿದೆ!

ಅಂತೂ ಆಗಸ್ಟ್ ಕೊನೆಗೆ ಮುನ್ನೂರು ಚೀಟಿಗಳೊಡನೆ ವಿಮಾನ ಹತ್ತಿದೆ. ಬೀಗಿತ್ತಿ ನಿಲ್ದಾಣಕ್ಕೇ ಬಂದಿದ್ದರು. ನನ್ನನ್ನು ತಬ್ಬಿಕೊಂಡು "ಕೊನ್ಸ್ವೇಗ್ರಾ!" ಅಂದರು. ಹಾಗಂದರೆ ಬೀಗಿತ್ತಿ. ನೋಡಿ, ಇಂಗ್ಲಿಷಿನಲ್ಲಿ ಈ ನೆಂಟಸ್ತಿಕೆಗೆ ಒಂದು ನೆಟ್ಟನೆಯ ಪದವಿಲ್ಲ, ಅವರಲ್ಲಿದೆ. ಆ ಪದವನ್ನು ನಾನು ಚೀಟಿಗೆ ಬರೆದೇ ಇರಲಿಲ್ಲ. ಒಂದೇ ಸಲಕ್ಕೆ ಕೂತುಬಿಟ್ಟಿತು. ಬಾಣಂತನಕ್ಕೂ ಅವರಲ್ಲಿ ಹೆಸರಿದೆ, 'ಕ್ವಾರೆಂತೇನಾ'. ನಲವತ್ತು ದಿನ ಎಂದರ್ಥ. 2020ರಲ್ಲಿ ನಾವೆಲ್ಲ ಅನುಭವಿಸಿದ ಕ್ವಾರಂಟೈನ್ ಕೂಡ ಇದೇ ನಲವತ್ತರದ್ದು. ತಣ್ಣೀರು ಮುಟ್ಟಬಾರದು, ಗಾಳಿಗೆ ಮೈಯೊಡ್ಡಬಾರದು, ಹೊಟ್ಟೆಗೆ ಪಟ್ಟಿ ಕಟ್ಟಬೇಕು, ಕೋಳಿಸಾರು ಕುಡಿಸಬೇಕು. ಎಲ್ಲ ನಮ್ಮ ಮಂಡ್ಯದ್ದೇ! ಹಾಲು ಇಳಿಯಲೆಂದು ನಾನು ಬೆಳ್ಳುಳ್ಳಿ ಸುಟ್ಟು ಕೊಟ್ಟರೆ ಅವರು ಮೆಕ್ಕೆಜೋಳದ 'ಅತೋಲೆ' ಗಂಜಿ ಕಾಯಿಸುತ್ತಿದ್ದರು.

ಮಾತಿನಲ್ಲಿ ಮಾತ್ರ ಎಡವಟ್ಟುಗಳು ತಪ್ಪಲಿಲ್ಲ. 'ಪೆರೊ' ಅಂದರೆ ಆದರೆ. ರಕಾರವನ್ನು ಒತ್ತಿ 'ಪೆರ್ರೊ' ಅಂದರೆ ನಾಯಿ. "ಸಾರು ಚೆನ್ನಾಗಿದೆ, ಆದರೆ ಉಪ್ಪು ಕಡಿಮೆ" ಎನ್ನಲು ಹೋಗಿ "ಸಾರು ಚೆನ್ನಾಗಿದೆ, ನಾಯಿ, ಉಪ್ಪು ಕಡಿಮೆ" ಅಂದೆ. ಬೀಗಿತ್ತಿ ಸೆರಗಿಲ್ಲದ್ದಕ್ಕೆ ಏಪ್ರನ್ನಿನಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. ಅವರ ಅಡುಗೆಮನೆಯಲ್ಲಿ ಜೋಳ ಅರೆಯುವ 'ಮೆತಾತೆ' ಎಂಬ ಕಲ್ಲಿದೆ. ನಮ್ಮ ಅರೆಯೋ ಕಲ್ಲಿನ ತಂಗಿ. ಒಂದು ಸಂಜೆ ನಾನೇ ಕೂತು ಅರೆದೆ. ಅವರು ನನ್ನ ಕೈಯನ್ನು ಕಲ್ಲಿನ ಮೇಲಿಟ್ಟು "ಪಿಯೆದ್ರಾ" ಅಂದರು. ಅಂದರೆ ಕಲ್ಲು.

ಮಗು ಹುಟ್ಟಿದ ಹನ್ನೊಂದನೆಯ ದಿನ. ಅಳಿಯ ಎರಡು ದಿನದ ಮಟ್ಟಿಗೆ ಮೊಂತೆರ್ರೇ ಎಂಬ ಊರಿಗೆ ಹೋಗಿದ್ದ. ರಾತ್ರಿ ಒಂಬತ್ತರ ಹೊತ್ತಿಗೆ ಮಗಳಿಗೆ ಚಳಿ, ಗಡಗಡ ನಡುಕ. ಹಣೆ ಮುಟ್ಟಿದರೆ ಕಾದ ಹೆಂಚು. ಒಂದು ಕಡೆ ಎದೆ ಕೆಂಪಾಗಿ ಬಿಗಿದು ನಿಂತಿತ್ತು. ಹಾಲು ಕಟ್ಟಿಕೊಂಡಿದೆ ಎಂದು ನನಗೆ ತಿಳಿಯಿತು. "ಸುಮ್ನಿರಮ್ಮಾ, ಮಾತ್ರೆ ತಗೊಂಡಿದೀನಿ, ಬೆಳಿಗ್ಗೆ ನೋಡೋಣ" ಎಂದು ಮುಸುಕೆಳೆದುಕೊಂಡಳು. ಅಳಿಯ ಫೋನು ಎತ್ತಲಿಲ್ಲ. ಮೈಸೂರಿನಲ್ಲಿ ಆಗ ಬೆಳಿಗ್ಗೆ ಎಂಟೂವರೆ. ಯಜಮಾನರಿಗೆ ಹೇಳಿ ಅವರೇನು ಮಾಡಿಯಾರು?

ಬೀಗಿತ್ತಿಗೇ ಫೋನು ಹಚ್ಚಿದೆ. ಅನುವಾದ ಮಾಡುವ ಸೌಕರ್ಯವನ್ನು ಅಳಿಯ ನನ್ನ ಫೋನಿನಲ್ಲಿ ಹಾಕಿಕೊಟ್ಟಿದ್ದ. ನಡುಗುವ ಕೈಯಲ್ಲಿ ಅದನ್ನು ಹುಡುಕುವುದೆಲ್ಲಿ ಬಂತು? ಆ ಕಡೆಯಿಂದ "ಬುಏನೋ?" ಎಂಬ ದನಿ. ಇಲ್ಲಿ ನನ್ನ ನಾಲಿಗೆ ಒಣಗಿತು. ಜ್ವರಕ್ಕೆ 'ಫಿಯೆಬ್ರೆ'. ಐದನೆಯ ಬಟ್ಟಲಿನಲ್ಲಿದ್ದ ಪದ, ಒಂದು ಸಲವೂ ತಪ್ಪಿದ್ದಲ್ಲ. ಬರಲಿಲ್ಲ ಕಣ್ರೀ! ಚೀಟಿಯ ಕೆಂಪು ಶಾಯಿ ಕಣ್ಣ ಮುಂದಿದೆ, ಅಕ್ಷರವಿಲ್ಲ. ನನ್ನ ಕೈ ಮಗಳ ಎದೆಯ ಮೇಲಿತ್ತು. ಬಾಯಿಂದ ತಾನಾಗಿ ಹೊರಟಿತು: "ಮಿ ಈಹಾ... ಲೆಚೆ... ಪಿಯೆದ್ರಾ." ನನ್ನ ಮಗಳು, ಹಾಲು, ಕಲ್ಲು.

ಆ ಕಡೆ ಒಂದು ಕ್ಷಣ ಮೌನ. ಆಮೇಲೆ "ಕಾಲೆಂತೂರಾ?" ಎಂದು ಕೇಳಿದರು. ಆ ಪದ ನನ್ನ ಪುಸ್ತಕದಲ್ಲಿರಲಿಲ್ಲ. ಆದರೆ ಬಿಸಿಗೆ 'ಕಾಲಿಯೆಂತೆ' ಎಂದು ಗೊತ್ತಿತ್ತಲ್ಲ, ಅದರ ಮನೆಯವಳೇ ಇರಬೇಕೆಂದು "ಸೀ, ಸೀ" ಅಂದೆ. ಮೆಕ್ಸಿಕೋದ ಮನೆಮಾತಿನಲ್ಲಿ ಜ್ವರಕ್ಕೆ ಹಾಗೇ ಅನ್ನುವುದಂತೆ. ಅರ್ಧ ಗಂಟೆಯಲ್ಲಿ ಬೀಗಿತ್ತಿ ಚಪ್ಪಲಿಯಲ್ಲೇ ಓಡಿಬಂದರು. ರಾತ್ರಿಯೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಎದೆಗೆ ಸೋಂಕಾಗಿದೆ, ಬಿಟ್ಟಿದ್ದರೆ ಕೀವುಗಟ್ಟುವ ಸಂಭವವಿತ್ತು ಎಂದರು. ಔಷಧಿ ಬರೆದುಕೊಟ್ಟು, ಮಗುವಿಗೆ ಹಾಲು ಕುಡಿಸುವುದನ್ನು ನಿಲ್ಲಿಸಬೇಡಿ ಎಂದು ಎರಡೆರಡು ಸಲ ಹೇಳಿದರು. ಓದುವ ಸೋದರಿಯರಲ್ಲಿ ಎಳೆ ಬಾಣಂತಿಯರಿದ್ದರೆ ಈ ಮಾತು ನಿಮಗೂ ಇರಲಿ. ಚಳಿಜ್ವರ ಬಂದರೆ ಬೆಳಗಿನವರೆಗೆ ಕಾಯಬೇಡಿ.

ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು. 'ಫಿಯೆಬ್ರೆ' ಚೀಟಿಯನ್ನು ಐದನೆಯ ಬಟ್ಟಲಿನಿಂದ ತೆಗೆದು ಮತ್ತೆ ಒಂದನೆಯದಕ್ಕೆ ಹಾಕಿದೆ. 'ಕಾಲೆಂತೂರಾ' ಚೀಟಿ ಬರೆಯಲೇ ಇಲ್ಲ. ಅದಕ್ಕೆ ಚೀಟಿ ಬೇಕೇ?

ಈಗ ಮೊಮ್ಮಗನಿಗೆ ಎರಡು ಭಾಷೆಯಲ್ಲೂ ಮಾತು ಬರುತ್ತಿದೆ. ಬೀಗಿತ್ತಿಗೆ ಹೊಟ್ಟೆಕಿಚ್ಚು. ತಾವೂ ಕನ್ನಡ ಕಲಿಯುವುದಾಗಿ ಹಟ ಹಿಡಿದು ಚೀಟಿ ಶುರುಮಾಡಿದ್ದಾರೆ. ಅವರ ಡಬ್ಬಿ ಬಿಸ್ಕತ್ತಿನದು. ಮಗಳು ಕನ್ನಡ ಪದಗಳನ್ನು ಅವರ ಲಿಪಿಯಲ್ಲಿ ಬರೆದುಕೊಡುತ್ತಾಳೆ. ಹೋದ ಭಾನುವಾರ ವೀಡಿಯೊ ಕರೆಯಲ್ಲಿ ನನಗೆ ಪಾಠ ಒಪ್ಪಿಸಿದರು. ಮೊದಲನೆಯ ಚೀಟಿಯೇ ಹಾಲು. ಹಕಾರದಿಂದಲೇ ಬರೆದಿತ್ತು. ಕನ್ನಡಕ ಸರಿಮಾಡಿಕೊಂಡು, ಥೇಟ್ ನಮ್ಮೂರಿನವರ ಹಾಗೆ ಓದಿದರು: "ಆಲು!"

ನಾನು ತಿದ್ದಲಿಲ್ಲ.