ಜ್ಞಾನಾವರಣ ಮತ್ತು ಮನೆಯ ಪಾಠ

ಆದಿತೀರ್ಥಂಕರರಾದ ವೃಷಭದೇವರು ತಮ್ಮ ಪುತ್ರಿಯರಾದ ಬ್ರಾಹ್ಮಿ ಮತ್ತು ಸುಂದರಿಯರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಒಬ್ಬಳಿಗೆ ಅಕ್ಷರಗಳನ್ನೂ ಮತ್ತೊಬ್ಬಳಿಗೆ ಅಂಕಗಳನ್ನೂ ಕಲಿಸಿದ ಪ್ರಸಂಗ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬರುತ್ತದೆ. ಈ ಕಥೆಯನ್ನು ಕೇಳದ ಶ್ರಾವಕರ ಮನೆ ಇರಲಾರದು. ಆದರೆ ಅದರೊಳಗಿನ ಎರಡು ಸಂಗತಿಗಳು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಮೊದಲ ಪಾಠಶಾಲೆ ತಂದೆಯ ತೊಡೆಯಾಗಿತ್ತು. ಮತ್ತು ಇಬ್ಬರು ಮಕ್ಕಳಿಗೆ ಪಾಠ ಒಂದೇ ಬಾಗಿಲಿನಿಂದ ಪ್ರಾರಂಭವಾಗಲಿಲ್ಲ.

ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದ ಕೊಬ್ಬರಿ ವ್ಯಾಪಾರಸ್ಥರ ಕುಟುಂಬವೊಂದಕ್ಕೆ ಈ ಎರಡನೆಯ ಸಂಗತಿ ಮನವರಿಕೆಯಾಗಲು ಮೂರು ವರ್ಷ ಹಿಡಿಯಿತು. ಆ ಮನೆಯ ಬಾಲಕ ಮಾತಿನಲ್ಲಿ ಚುರುಕು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಬಳಿ ಅಲುಗಾಡಿಸಿ, ಒಳಗೆ ಗಿಟುಕು ಬಿಟ್ಟಿದೆಯೋ ಇಲ್ಲವೋ ಎಂದು ಹೇಳಬಲ್ಲವನು. ಒಮ್ಮೆ ಕೇಳಿದ ಕಥೆಯನ್ನು ಮರೆಯುವವನಲ್ಲ. ಆದರೆ ಮೂರನೆಯ ತರಗತಿಗೆ ಬಂದರೂ ‘ಪ’, ‘ಷ’, ‘ವ’, ‘ಮ’ಗಳು ಅವನ ಕಣ್ಣಿಗೆ ಒಂದೇ ಆಗಿ ಕಾಣುತ್ತಿದ್ದವು. ಒತ್ತಕ್ಷರ ಬಂದೊಡನೆ ಓದು ನಿಂತುಬಿಡುತ್ತಿತ್ತು. ಶಾಲೆಯಲ್ಲಿ ಅವನನ್ನು ಬಾಗಿಲ ಬಳಿ ಮಂಡಿಯೂರಿಸಿದರು. ಪ್ರಗತಿಪತ್ರದಲ್ಲಿ ಸೋಮಾರಿ ಎಂದು ಬರೆದರು. ಬೆಳಗಾದರೆ ಹೊಟ್ಟೆನೋವು ಎನ್ನತೊಡಗಿದ. ಭಾನುವಾರ ಮಾತ್ರ ನೋವಿಲ್ಲ.

ಮನೆಯ ಹಿರಿಯರು ಮೊದಲು ಬ್ರಾಹ್ಮಿಯ ಟಾನಿಕ್ ತರಿಸಿದರು. (ಬ್ರಾಹ್ಮಿಯ ತಂದೆ ಮಗಳಿಗೆ ಟಾನಿಕ್ ಕುಡಿಸಿದ ಉಲ್ಲೇಖ ಪುರಾಣದಲ್ಲಿಲ್ಲ.) ಅದರಿಂದ ಪ್ರಯೋಜನವಾಗದಿದ್ದಾಗ, ಇದು ಜ್ಞಾನಾವರಣ ಕರ್ಮದ ಉದಯ, ಓದು ಅವನ ಹಣೆಯಲ್ಲಿಲ್ಲ, ಅಂಗಡಿಯಲ್ಲಿ ಕೂರಿಸೋಣ ಎಂದರು. ಆಗ ಸೊಸೆ ಹೇಳಿದ ಮಾತು ಇಷ್ಟೆ: “ಮಾವನವರೇ, ಮಗುವಿನ ಕರ್ಮದ ಲೆಕ್ಕ ಆಮೇಲೆ ನೋಡೋಣ. ಅವನನ್ನು ಮಂಡಿಯೂರಿಸಿದವರದೂ ಸುಮ್ಮನೆ ನೋಡಿಕೊಂಡಿದ್ದ ನಮ್ಮದೂ ಯಾವ ಖಾತೆಗೆ ಬರೆಯಬೇಕು?”

ಈ ಪ್ರಶ್ನೆ ಶಾಸ್ತ್ರಸಮ್ಮತವಾದುದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜ್ಞಾನಾವರಣದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ಪ್ರದೋಷ, ನಿಹ್ನವ, ಮಾತ್ಸರ್ಯ, ಅಂತರಾಯ, ಆಸಾದನ, ಉಪಘಾತಗಳನ್ನು ಹೇಳುತ್ತದೆ. ಅಂದರೆ ಇನ್ನೊಬ್ಬರ ಕಲಿಕೆಗೆ ಅಡ್ಡಿಯೊಡ್ಡಿದವನಿಗೇ ಆ ಕರ್ಮದ ಬಂಧ. ಅಕ್ಷರ ಕಲಿಸುವ ನೆಪದಲ್ಲಿ ಅಕ್ಷರದ ಮೇಲೆಯೇ ಭಯ ಹುಟ್ಟಿಸುವುದು ಅಂತರಾಯವಲ್ಲದೆ ಮತ್ತೇನು? ನಿಗೋದ ಜೀವದಲ್ಲಿಯೂ ಜ್ಞಾನದ ಒಂದು ಅತ್ಯಲ್ಪ ಅಂಶವು ಸದಾ ಆವರಣರಹಿತವಾಗಿರುತ್ತದೆಂದು ನಮ್ಮ ಸಿದ್ಧಾಂತ ಒಪ್ಪಿರುವಾಗ, ಎಂಟು ವರ್ಷದ ಮನುಷ್ಯಬಾಲಕನ ವಿಷಯದಲ್ಲಿ ‘ಓದು ಹಣೆಯಲ್ಲಿಲ್ಲ’ ಎಂದು ತೀರ್ಪು ಕೊಡುವುದು ಕರ್ಮಸಿದ್ಧಾಂತವೆನಿಸದು. ಅದು ಬೇಸರಕ್ಕೆ ಕೊಟ್ಟ ಒಳ್ಳೆಯ ಹೆಸರು.

ಬಾಲಕನನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ದು ಪರೀಕ್ಷೆ ಮಾಡಿಸಲಾಯಿತು. ಬುದ್ಧಿಗೆ ಕೊರತೆಯಿಲ್ಲ, ಇದು ಡಿಸ್ಲೆಕ್ಸಿಯಾ ಎಂದು ತಿಳಿಯಿತು. ಇದು ಹೊಸ ರೋಗವೂ ಅಲ್ಲ, ಪಟ್ಟಣದ ಫ್ಯಾಷನ್ನೂ ಅಲ್ಲ. 1896ರಲ್ಲಿಯೇ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು ಎಲ್ಲ ವಿಷಯಗಳಲ್ಲಿಯೂ ಜಾಣನಾಗಿದ್ದು ಓದಲು ಮಾತ್ರ ಬಾರದ 14 ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದ್ದರು. ನಮ್ಮ ದೇಶದ ಕಾನೂನು ಇದನ್ನು ಗುರುತಿಸಿದ್ದು ತಡವಾಗಿ. 1995ರ ಅಂಗವಿಕಲರ ಕಾಯಿದೆಯಲ್ಲಿ ಇದರ ಹೆಸರಿರಲಿಲ್ಲ. 2016ರ ಕಾಯಿದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ವೈಕಲ್ಯವೂ ಸೇರಿತು. ಕನ್ನಡದಲ್ಲಿ ಬರೆದಂತೆ ಓದುವುದರಿಂದ ಇಂಗ್ಲಿಷಿನ ಕಷ್ಟ ಇಲ್ಲಿಲ್ಲವೆಂದು ಭಾವಿಸುವವರುಂಟು. ಅದು ಅರ್ಧ ಸತ್ಯ. ಉಚ್ಚಾರಣೆ ಸುಲಭವಾದರೂ ಒಂದೊಂದು ವ್ಯಂಜನಕ್ಕೆ ಹನ್ನೆರಡಕ್ಕೂ ಮೇಲ್ಪಟ್ಟು ಗುಣಿತರೂಪಗಳು, ಅವುಗಳ ಕೆಳಗೆ ಒತ್ತುಗಳು. ಒಂದು ಕೊಂಬು, ಒಂದು ದೀರ್ಘ ತಪ್ಪಿದರೆ ಶಬ್ದವೇ ಬೇರೆ.

ತಾಯಿ ಅವನನ್ನು ಶಾಲೆಯಿಂದ ಬಿಡಿಸಿದಳು. ಇದು ಸುಲಭದ ನಿರ್ಧಾರವಾಗಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವಯಸ್ಸಿನ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. 2012ರ ತಿದ್ದುಪಡಿ ಮನೆಯಲ್ಲಿಯೇ ಶಿಕ್ಷಣ ಪಡೆಯುವ ಹಕ್ಕನ್ನು ಕೊಟ್ಟದ್ದು ತೀವ್ರ ಅಥವಾ ಬಹುವಿಧ ವೈಕಲ್ಯವುಳ್ಳ ಮಕ್ಕಳಿಗೆ. ಈ ಬಾಲಕ ಆ ವರ್ಗಕ್ಕೆ ಸೇರುವವನಲ್ಲ. ಪೋಷಕರಿಗೆ ದಂಡ ವಿಧಿಸುವ ಕಲಮು ಆ ಕಾಯಿದೆಯಲ್ಲಿಲ್ಲವೆಂಬುದು ನಿಜವಾದರೂ, ನೆಂಟರ ನಾಲಗೆ ವಿಧಿಸುವ ದಂಡಕ್ಕೆ ಕಲಮು ಬೇಕಾಗಿರಲಿಲ್ಲ. ಮದುವೆ ಮನೆಗಳಲ್ಲಿ ಆಕೆ ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಪಾಠ ನಡೆದುದು ಅಂಗಳದಲ್ಲಿ. ಮರದ ತಟ್ಟೆಯಲ್ಲಿ ಜರಡಿ ಹಿಡಿದ ಮರಳು. ಬಾಯಲ್ಲಿ ಅಕ್ಷರ ಹೇಳುತ್ತ ಬೆರಳಲ್ಲಿ ತಿದ್ದುವುದು. ಹಿಂದಿನ ಕಾಲದ ಐಗಳ ಮಠಗಳಲ್ಲಿ ಮರಳಿನ ಮೇಲೆಯೇ ಅಕ್ಷರಾಭ್ಯಾಸವಾಗುತ್ತಿತ್ತು. ಕಣ್ಣು, ಕಿವಿ, ಬೆರಳು ಮೂರನ್ನೂ ಒಟ್ಟಿಗೆ ದುಡಿಸುವ ಈ ಕ್ರಮವನ್ನೇ ಅಮೆರಿಕದಲ್ಲಿ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆನಾ ಗಿಲ್ಲಿಂಗ್‌ಹ್ಯಾಮ್ ಇಂಥ ಮಕ್ಕಳಿಗಾಗಿ ವ್ಯವಸ್ಥಿತವಾಗಿ ರೂಪಿಸಿದರು. ನಾವು ಬಿಟ್ಟದ್ದನ್ನು ಅವರು ಹಿಡಿದರೆಂದು ಬೀಗುವ ಕಾರಣವಿಲ್ಲ. ಐಗಳ ಕೈಯಲ್ಲಿ ಮರಳಿನ ಜೊತೆಗೆ ಬೆತ್ತವೂ ಇತ್ತು.

ತೆಂಗಿನ ನಾರಿನ ಹಗ್ಗವನ್ನು ರಟ್ಟಿಗೆ ಅಂಟಿಸಿ ‘ಪ’ ಮತ್ತು ‘ಷ’ ಮಾಡಿದಳು. ಬಾಲಕ ಕಣ್ಣು ಮುಚ್ಚಿ ತಡವಿ, ಹೊಟ್ಟೆಯೊಳಗೆ ಗೆರೆಯಿರುವುದು ‘ಷ’ ಎಂದು ಗುರುತಿಸಿದ. ಕೂಡುವ ಕಳೆಯುವ ಲೆಕ್ಕಕ್ಕೆ ಅಳಗುಳಿಮಣೆ ಮತ್ತು ಹುಣಸೆಬೀಜ. ಬಿಡಿ, ಹತ್ತು, ನೂರರ ಸ್ಥಾನಬೆಲೆಗೆ ಅಂಗಳದಲ್ಲಿ ಎಣಿಸಿ ಹಾಕಿದ ಕಾಯಿಗಳ ರಾಶಿ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಪಾಠವಿಲ್ಲ. ತನಗೆ ಸಿಟ್ಟು ಬರುವ ಸೂಚನೆ ಕಂಡರೆ ತಾಯಿಯೇ ಎದ್ದು ಹೋಗುತ್ತಿದ್ದಳು. ಕ್ರಮಗಳೆಲ್ಲಕ್ಕಿಂತ ಈ ನಿಯಮ ದೊಡ್ಡದೆನ್ನಬೇಕು. ಕೈಯೆತ್ತದಿರುವುದು ಬಹುಮಂದಿಗೆ ಸಾಧ್ಯ. ‘ಇಷ್ಟೂ ಬರುವುದಿಲ್ಲವೆ’ ಎಂಬ ಉಸಿರನ್ನು ತಡೆಯುವುದು ಕಷ್ಟ. ಭಾವಹಿಂಸೆಯ ವಿಚಾರ ಪ್ರವಚನದಲ್ಲಿ ಕೇಳಿದಷ್ಟು ಸುಲಭವಾಗಿ ಅಡಿಗೆಮನೆಯಲ್ಲಿ ನಡೆಯುವುದಿಲ್ಲ.

ಸಂಜೆ ತಾತ ಕಥೆ ಹೇಳುತ್ತಿದ್ದರು. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಸ್ಮರಿಸಿರುವ ಶಿವಭೂತಿ ಮುನಿಯ ಕಥೆ ಬಾಲಕನಿಗೆ ಅಚ್ಚುಮೆಚ್ಚು. ಆ ಮುನಿಗೆ ಶಾಸ್ತ್ರಪಾಠ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ‘ತುಷ, ಮಾಷ’ ಎಂಬೆರಡೇ ಶಬ್ದಗಳನ್ನು ಹೇಳಿಕೊಳ್ಳುತ್ತ, ಹೆಂಗಸೊಬ್ಬಳು ಉದ್ದಿನಬೇಳೆ ತೊಳೆದು ಸಿಪ್ಪೆ ಬೇರ್ಪಡಿಸುವುದನ್ನು ಕಂಡು, ದೇಹ ಬೇರೆ ಆತ್ಮ ಬೇರೆ ಎಂಬ ಭೇದವಿಜ್ಞಾನ ಪಡೆದು ಕೇವಲಜ್ಞಾನಿಯಾದರು. “ಅವರಿಗೂ ಒತ್ತಕ್ಷರ ಬರ್ತಿರಲಿಲ್ವಾ ತಾತ?” ಎಂದು ಬಾಲಕ ಕೇಳಿದಾಗ ಹಿರಿಯರು ತತ್‌ಕ್ಷಣ ಉತ್ತರಿಸಲಿಲ್ಲ. ಅಂಗಡಿಯಲ್ಲಿ ಕೂರಿಸುವ ಮಾತು ಆಮೇಲೆ ಅವರ ಬಾಯಿಂದ ಬರಲಿಲ್ಲ.

ಈಗ ಬಾಲಕನಿಗೆ ಹದಿಮೂರು. ಪವಾಡವೇನೂ ನಡೆದಿಲ್ಲ. ಓದು ನಿಧಾನ, ಬರವಣಿಗೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಕಲಹ ತೀರಿಲ್ಲ, ಹಿಂದಿಯನ್ನು ಸದ್ಯಕ್ಕೆ ಕೈಬಿಟ್ಟಿದ್ದಾರೆ. ತಿಪಟೂರಿನ ಮಾರುಕಟ್ಟೆಯಿಂದ ಬಂದ ತೂಕದ ಚೀಟಿಯನ್ನು ಓದಿ ಕ್ವಿಂಟಾಲಿನ ದರಕ್ಕೆ ಮೊತ್ತ ಹಾಕುತ್ತಾನೆ. ಹೊಟ್ಟೆನೋವು ಮರುಕಳಿಸಿಲ್ಲ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪ್ರೌಢ ಪರೀಕ್ಷೆಗೆ 14 ತುಂಬಿದವರು ನೋಂದಾಯಿಸಬಹುದು. ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು. ವೈಕಲ್ಯ ಪ್ರಮಾಣಪತ್ರವಿದ್ದವರಿಗೆ ಹೆಚ್ಚುವರಿ ಸಮಯವೂ ಲಿಪಿಕಾರರ ನೆರವೂ ಉಂಟು. ತಾಯಿಯ ಒಲವು ಅತ್ತ. ತಾತನಿಗೆ ಮಾತ್ರ ಹುಡುಗ ಓರಗೆಯವರೊಂದಿಗೆ ಬೆಂಚಿನ ಮೇಲೆ ಕುಳಿತು ಕಲಿಯಲಿ, ಜಗಳವಾಡಲಿ ಎಂಬ ಆಸೆ. ತುರುವೇಕೆರೆಯ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರನ್ನು ಎರಡು ಬಾರಿ ಕಂಡು ಬಂದಿದ್ದಾರೆ. ಇಬ್ಬರ ವಾದದಲ್ಲಿಯೂ ಹುರುಳಿದೆ. ಬಾಲಕನನ್ನೇ ಕೇಳೋಣವೆಂದು ಈಚೆಗೆ ಒಪ್ಪಿಕೊಂಡಿದ್ದಾರೆ.