ಹಡಿಲು ಬಿದ್ದ 80 ಸೆಂಟ್ಸ್

ಕಳೆದ ಮಳೆಗಾಲ ಮುಗಿದ ಮೇಲೆ ಊರಿನ ನೆರೆಮನೆಯ ಅಣ್ಣ ನಮ್ಮ ಜಾಗದ ಫೋಟೋ ಕಳಿಸಿದರು. ಕಾರ್ಕಳ ತಾಲೂಕಿನ 80 ಸೆಂಟ್ಸ್ ಗದ್ದೆ. ಹುಣಿ ಯಾವುದು, ಗದ್ದೆ ಯಾವುದು ಗೊತ್ತಾಗುತ್ತಿರಲಿಲ್ಲ. ಕಮ್ಯುನಿಸ್ಟ್ ಗಿಡ ಆಳೆತ್ತರ ಬೆಳೆದಿತ್ತು, ಅದರಡಿ ನಾಚಿಕೆಮುಳ್ಳು. "ಇದರೊಳಗೆ ಹಂದಿ ಸೇರಿದೆ, ನಮ್ಮ ಬೆಳೆಯೂ ಉಳಿಯುವುದಿಲ್ಲ" ಎಂದು ಕೆಳಗೆ ಬರೆದಿದ್ದರು.

ವಿಕ್ರೋಳಿಯ ಟಾಗೋರ್ ನಗರದ ಮನೆಯಲ್ಲಿ ಕುಳಿತು ಅದನ್ನು ಓದಿ ತಲೆ ತಗ್ಗಿತು. ಅಜ್ಜನಿಗೆ ಆ ಜಾಗ ಬಂದದ್ದು 1974ರ ಭೂಸುಧಾರಣೆಯ ನಂತರ, ಡಿಕ್ಲರೇಶನ್ ಕೊಟ್ಟು. ಉಳುವವನು ಎಂಬ ಒಂದೇ ಕಾರಣಕ್ಕೆ.

ಮೊದಲು ಹೊಳೆದದ್ದು ಜೆಸಿಬಿ. ಒಂದೇ ದಿನದ ಕೆಲಸ. ಅಮ್ಮ ಕೇಳಿದರು, "ತೋಡಿನ ಬದಿಯ ಬಾವಿಗೆ ಕಟ್ಟೆ ಇಲ್ಲ ಮಗಾ. ಪೊದೆಯೊಳಗೆ ಅದು ಎಲ್ಲಿದೆ ಅಂತ ಡ್ರೈವರಿಗೆ ಗೊತ್ತುಂಟಾ?" ಬಾವಿ ಮಾತ್ರವಲ್ಲ, ಜೆಸಿಬಿ ಗದ್ದೆಯ ಮೇಲ್ಮಣ್ಣನ್ನೂ ಕೆರೆದು ಬದಿಗೆ ಹಾಕುತ್ತದೆ, ಹುಣಿ ಒಡೆಯುತ್ತದೆ. ಕಳೆನಾಶಕ ಹೊಡೆಸೋಣವೆಂದರೆ ತೋಡಿನ ನೀರು ಕೆಳಗಿನವರ ಗದ್ದೆಗೆ ಹೋಗುತ್ತದೆ.

ಉಳಿದದ್ದು ಬ್ರಶ್ ಕಟರ್. ಒಂದು ಶನಿವಾರ ಮಸ್ಜಿದ್ ಬಂದರ್ ಹತ್ತಿರದ ನಾಗದೇವಿ ಸ್ಟ್ರೀಟಿಗೆ ಹೋದೆ. ಅಂಗಡಿಯವನು ಒಂದೊಂದಾಗಿ ತೋರಿಸಿದ. ಟೂ ಸ್ಟ್ರೋಕ್ ಹಗುರ, ಆದರೆ ಪೆಟ್ರೋಲಿಗೆ ಲೆಕ್ಕ ಹಾಕಿ ಆಯಿಲ್ ಬೆರೆಸಬೇಕು. ಫೋರ್ ಸ್ಟ್ರೋಕ್ ತುಸು ಭಾರ, ಆಯಿಲ್ ಬೇರೆಯೇ ಹಾಕುವುದು. ಎಳೆ ಹುಲ್ಲಿಗೆ ನೈಲಾನ್ ದಾರ ಸಾಕು. ಪೊದೆಗೆ ಮೂರು ಹಲ್ಲಿನ ಬ್ಲೇಡು, ಬಲಿತ ಕಾಂಡಕ್ಕೆ ಗರಗಸದಂಥ ದುಂಡು ಬ್ಲೇಡು. ಕಲ್ಲು ಸಿಡಿಯುತ್ತದೆ, ಕನ್ನಡಕ ಮತ್ತು ಬೂಟು ಬೇಕೇ ಬೇಕು. ಎಲ್ಲ ಹೇಳಿ ಮುಗಿಸಿ ಕೇಳಿದ, "ಚಲಾಯೇಗಾ ಕೌನ್?"

ನಾನೇ ಎಂದೆ. ಲೋಕಲ್‌ನಲ್ಲಿ ಮರಳುವಾಗ ಲೆಕ್ಕ ಹಾಕಿದೆ. ವರ್ಷಕ್ಕೆ ನಾನು ಊರಿನಲ್ಲಿರುವುದು ಹೆಚ್ಚೆಂದರೆ ಹತ್ತು ದಿನ. ಕಮ್ಯುನಿಸ್ಟ್ ಗಿಡ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೂ ಬಿಟ್ಟರೆ ಬೀಜ ಗಾಳಿಯಲ್ಲಿ ಹಾರಿ ಊರೆಲ್ಲ ಹಬ್ಬುತ್ತದೆ. ಬೀಗ ಹಾಕಿದ ಮನೆಯಲ್ಲಿ ಮೆಷಿನ್ ಬಿಟ್ಟರೆ ಉಳಿದ ಪೆಟ್ರೋಲು ಅಂಟಾಗಿ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಯಾವ ಮೆಷಿನ್ ಎನ್ನುವುದು ಪ್ರಶ್ನೆಯೇ ಅಲ್ಲ, ಅಂಗಡಿಯವನು ಕೇಳಿದ್ದೇ ಪ್ರಶ್ನೆ.

ನವೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಮತ್ಸ್ಯಗಂಧ ಹತ್ತಿದೆ. ಊರಿನಲ್ಲಿ ಸ್ವಂತ ಮೆಷಿನ್ ಇಟ್ಟುಕೊಂಡು ಗಂಟೆ ಲೆಕ್ಕದಲ್ಲಿ ಹುಲ್ಲು ಹೆರೆಯುವವರು ಸಿಕ್ಕಿದರು. ಅವರು ಬರುವ ಮೊದಲೇ ಅಮ್ಮ ಕತ್ತಿ ಹಿಡಿದು ತೋಡಿನ ಬದಿಯಿಂದ ದಾರಿ ಬಿಡಿಸಿಕೊಂಡು ಹೋಗಿ, ಬಾವಿಯ ಸುತ್ತ ನಾಲ್ಕು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದರು. ಎರಡು ದಿನದಲ್ಲಿ ಗದ್ದೆ ಕಾಣಿಸಿತು. ಹುಣಿಗಳು ಅಜ್ಜ ಕಟ್ಟಿದ ಹಾಗೆಯೇ ಇದ್ದವು.

ಮತ್ತೆ ಹಡಿಲು ಬೀಳದಿರಲು ಯಾರಾದರೂ ಉಳಬೇಕು. "ಬೇರೆಯವರಿಗೆ ಬಿಟ್ಟರೆ ಜಾಗ ಹೋಗುತ್ತದೆ" ಎಂದರು ಮುಂಬಯಿಯ ಸಂಬಂಧಿಕರು. ನಮ್ಮ ಕಡೆ ಎಷ್ಟೋ ಗದ್ದೆ ಹಡಿಲು ಬಿದ್ದಿರುವುದಕ್ಕೆ ಈ ಭಯವೂ ಒಂದು ಕಾರಣ. ಉತ್ತು ಜಾಗ ಪಡೆದವರ ಮೊಮ್ಮಕ್ಕಳು ನಾವು, ಈಗ ಉಳುವವರಿಗೇ ಹೆದರುತ್ತೇವೆ. 2021ರಲ್ಲಿ ಉಡುಪಿಯಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಗದ್ದೆಗಳಲ್ಲಿ ಮತ್ತೆ ನಾಟಿ ಮಾಡಿಸಿತ್ತು. ಆಗಲೂ ಗದ್ದೆಯವರು ನಂಬಿಯೇ ಬಿಟ್ಟುಕೊಟ್ಟಿರಬೇಕು.

ಹೊರಡುವ ದಿನ ನೆರೆಮನೆಯ ಅಣ್ಣನಿಗೆ ಹೇಳಿದೆ, "ಬರುವ ಮಳೆಗೆ ನೀವೇ ಬೇಸಾಯ ಮಾಡಿ. ನನಗೇನೂ ಬೇಡ."

ಅವರು ತಕ್ಷಣ ಒಪ್ಪಲಿಲ್ಲ. ಅಮ್ಮನ ಮುಖ ನೋಡಿದರು. ಅಮ್ಮ, "ಮುಡಿ ಅಕ್ಕಿ ಬೇಡ, ಹೊಸ ಅಕ್ಕಿ ಒಂದು ಸೇರು ಕೊಟ್ಟರೆ ಸಾಕು" ಎಂದರು.

ಬ್ರಶ್ ಕಟರಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಬಾವಿಗೆ ಕೆಂಪುಕಲ್ಲಿನ ಕಟ್ಟೆ ಕಟ್ಟಿಸಿದೆವು.