ಎಸ್. ಪಿ. ರೋಡಿನಲ್ಲಿ ಒಂದು ಮಧ್ಯಾಹ್ನ

ಹಳೆಯ ಬೆಂಗಳೂರು ಪೇಟೆಗಳ ಊರು. ಅಕ್ಕಿಗೊಂದು ಪೇಟೆ, ರಾಗಿಗೊಂದು ಪೇಟೆ, ಗಾಣಿಗರಿಗೊಂದು, ಕುಂಬಾರರಿಗೊಂದು, ಹೀಗೆ ಕಸುಬಿಗೊಂದು ಬೀದಿಯನ್ನು ಹಂಚಿಕೊಟ್ಟ ನಗರವದು. ಆ ಹೆಸರುಗಳಲ್ಲಿ ಹಲವು ಇಂದು ಹೆಸರುಗಳಾಗಿಯೇ ಉಳಿದಿವೆ. ಆದರೆ ಆ ಪದ್ಧತಿ ಅಳಿದಿಲ್ಲವೆಂಬುದನ್ನು ಕಣ್ಣಾರೆ ಕಾಣಬೇಕಾದರೆ ಪುರಭವನದ ಬಳಿಯ ಸದರ್ ಪತ್ರಪ್ಪ ರಸ್ತೆಗೆ ಹೋಗಬೇಕು. ಜನ ಅದನ್ನು ಎಸ್. ಪಿ. ರೋಡ್ ಎಂದೇ ಬಲ್ಲರು. ಪೂರ್ಣನಾಮವನ್ನು ಉಚ್ಚರಿಸಿ ದಾರಿ ಕೇಳಿದರೆ ಆಟೋದವರು ಕ್ಷಣಕಾಲ ನಮ್ಮ ಮುಖವನ್ನೇ ನೋಡುತ್ತಾರೆ.

ಈ ಬೀದಿಯನ್ನು ಗಣಕಪೇಟೆಯೆಂದು ಕರೆದರೆ ಯಾರೂ ಆಕ್ಷೇಪಿಸಲಾರರು. ಒಂದು ಅಂಗಡಿಯಲ್ಲಿ ಪಂಪು, ಬೇರಿಂಗು, ತಂತಿಯ ಸುರುಳಿಗಳು. ಅದರ ಮಗ್ಗುಲಲ್ಲೇ ಗಾಜಿನ ಪೆಟ್ಟಿಗೆಯೊಳಗೆ ಬಣ್ಣಬಣ್ಣದ ದೀಪಗಳನ್ನು ಮಿಣುಕಿಸುತ್ತ ಕುಳಿತ ಗಣಕಯಂತ್ರಗಳು. ಒಬ್ಬರೇ ಹತ್ತಬಹುದಾದ ಇಕ್ಕಟ್ಟಿನ ಮೆಟ್ಟಿಲುಗಳು ಎಲ್ಲಿಗೆ ಹೋಗುತ್ತವೆಂಬುದು ಹತ್ತಿದ ಮೇಲೆಯೇ ತಿಳಿಯಬೇಕು. ಮಾನಿಟರಿನ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತ ಕೂಲಿಯವರು "ಸೈಡು, ಸೈಡು" ಎಂದು ಕೂಗುತ್ತ ಜನಸಂದಣಿಯನ್ನು ಸೀಳಿಕೊಂಡು ಸಾಗುತ್ತಾರೆ. ನೆರೆಯ ತಿಗಳರಪೇಟೆಯಲ್ಲಿ ಧರ್ಮರಾಯನ ಗುಡಿ. ವರ್ಷಕ್ಕೊಂದು ರಾತ್ರಿ ಕರಗ ಹೊರಡುವ ಓಣಿಗಳಿಗೂ ಈ ಅಂಗಡಿಸಾಲಿಗೂ ನಡುವೆ ಕೆಲವೇ ನಿಮಿಷಗಳ ನಡಿಗೆ.

ನನ್ನನ್ನು ಅಲ್ಲಿಗೆ ಕರೆದೊಯ್ದವನು ಅಕ್ಕನ ಮಗ. ಎಂಜಿನಿಯರಿಂಗ್ ಎರಡನೆಯ ವರ್ಷದವನು. ನೆರೆಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಅವನು 12,000 ರೂಪಾಯಿ ಕೂಡಿಸಿದ್ದನು. ತನ್ನ ಗಣಕದ ಪ್ರೊಸೆಸರನ್ನು ಬದಲಾಯಿಸಬೇಕೆಂಬುದು ಅವನ ಹಂಬಲ; ಆ ಹಣ ಮುಂದಿನ ಸೆಮಿಸ್ಟರಿನ ಪುಸ್ತಕ, ಬಸ್ಸುಗಳ ಖರ್ಚಿಗಾಗಲಿ ಎಂಬುದು ಅಕ್ಕನ ಲೆಕ್ಕ. "ಆಟಕ್ಕೆ ಹನ್ನೆರಡು ಸಾವಿರವೆ?" ಎಂದು ಆಕೆ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವ ಭಾರ ನನ್ನ ಪಾಲಿಗೆ ಬಂದಿತು.

ಯಂತ್ರವನ್ನು ಜೋಡಿಸಿದ್ದು 2019ರಲ್ಲಿ. ಅದರಲ್ಲಿದ್ದುದು ಎಎಂಡಿ ಕಂಪನಿಯು 2018ರಲ್ಲಿ ಹೊರತಂದ ರೈಜನ್ 5 2600 ಎಂಬ ಪ್ರೊಸೆಸರು. ಚಿತ್ರ ಬಿಡಿಸುವ ಕೆಲಸಕ್ಕೆ ಜಿಟಿಎಕ್ಸ್ 1660 ಸೂಪರ್ ಎಂಬ ಗ್ರಾಫಿಕ್ಸ್ ಕಾರ್ಡು. ಹುಡುಗನು ಆಡುವುದು 2023ರಲ್ಲಿ ಬಂದ ಕೌಂಟರ್-ಸ್ಟ್ರೈಕ್ 2. ಹೊಗೆ ಕವಿದು ಹತ್ತು ಮಂದಿ ಒಮ್ಮೆಗೇ ನುಗ್ಗಿದಾಗ, ಅಂದರೆ ಗೆಲವು ಸೋಲು ತೀರ್ಮಾನವಾಗುವ ಗಳಿಗೆಯಲ್ಲೇ, ಸೆಕೆಂಡಿಗೆ ನೂರಕ್ಕೂ ಮೀರಿ ಬರುತ್ತಿದ್ದ ಚಿತ್ರಗಳು 70ಕ್ಕೆ ಕುಸಿಯುತ್ತಿದ್ದವು.

ದೋಷ ಪ್ರೊಸೆಸರಿನದೋ ಕಾರ್ಡಿನದೋ? ಇದನ್ನು ತಿಳಿಯದೆ ಹಣದ ಚೀಲವನ್ನು ಬಿಚ್ಚುವುದು ವೈದ್ಯನಿಗೆ ನಾಡಿ ತೋರಿಸದೆ ಔಷಧಿ ಕೊಂಡಂತೆ. ಕನ್ನಡ ಮೇಷ್ಟರಾದ ನನಗೆ ಈ ವಿಷಯ ಹೊಳೆದದ್ದು ವ್ಯಾಸ-ಗಣಪತಿಯರ ಕಥೆಯಿಂದ. ಆಟದಲ್ಲಿ ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಗುಲಿತು ಎಂಬುದನ್ನೆಲ್ಲ ಎಣಿಸಿ ಹೇಳುವ ಪ್ರೊಸೆಸರು ವ್ಯಾಸ. ಕೇಳಿದ್ದನ್ನು ತೆರೆಯ ಮೇಲೆ ಬರೆಯುವ ಗ್ರಾಫಿಕ್ಸ್ ಕಾರ್ಡು ಗಣಪತಿ. ಶ್ಲೋಕ ಕ್ಲಿಷ್ಟವಾದರೆ ಗಣಪತಿ ತಡೆಯುತ್ತಾನೆ. ವ್ಯಾಸನೇ ತಡವರಿಸಿದರೆ ಲೇಖನಿ ಸುಮ್ಮನೆ ಕಾಯುತ್ತದೆ. ಪರೀಕ್ಷೆಯೂ ಸುಲಭ. ಚಿತ್ರದ ಸೂಕ್ಷ್ಮತೆಯನ್ನು 1080ರಿಂದ 720ಕ್ಕೆ ಇಳಿಸಿದರೆ ಗಣಪತಿಯ ಹೊರೆ ಹಗುರಾಗುತ್ತದೆ, ವ್ಯಾಸನದು ಇದ್ದಂತೆಯೇ ಇರುತ್ತದೆ. ಆಗ ಚಿತ್ರಗಳ ಸಂಖ್ಯೆ ಏರಿದರೆ ಅಡ್ಡಿ ಕಾರ್ಡಿನದು; ಏರದಿದ್ದರೆ ಪ್ರೊಸೆಸರಿನದು. ಮನೆಯಲ್ಲಿ ಹೀಗೆ ಇಳಿಸಿ ನೋಡಿದೆವು. 70 ಎಂಬುದು 70 ಆಗಿಯೇ ಉಳಿಯಿತು. ಹುಡುಗನ ಮಾನಿಟರು ಸೆಕೆಂಡಿಗೆ 144 ಚಿತ್ರಗಳನ್ನು ತೋರಬಲ್ಲದು. ಅದು 60ರ ಮಾನಿಟರಾಗಿದ್ದಿದ್ದರೆ ನಾನು ಎಸ್. ಪಿ. ರೋಡಿಗೆ ಹೊರಡುತ್ತಲೇ ಇರಲಿಲ್ಲ.

ಮೊದಲ ಅಂಗಡಿಯ ತರುಣನು ನಮ್ಮ ಮಾತನ್ನು ಪೂರ್ತಿ ಕೇಳುವ ಮುನ್ನವೇ, ಯಂತ್ರ ಹಳೆಯದಾಯಿತು, ಎಲ್ಲವನ್ನೂ ಬದಲಿಸಿ ಎಂದನು. ಅವನು ತೋರಿಸಿದ್ದು ಎಎಂ5 ಎಂಬ ಹೊಸ ಪೀಠದ ಪ್ರೊಸೆಸರು. 2022ರಲ್ಲಿ ಬಂದ ಆ ಪೀಠಕ್ಕೆ ಹಳೆಯ ಮದರ್‌ಬೋರ್ಡ್ ಸಲ್ಲದು. ಡಿಡಿಆರ್5 ಮೆಮೊರಿಯಲ್ಲದೆ ಬೇರೆಯದು ಹೊಂದದು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಏರಿದ ಪರಿಯನ್ನು ಬಲ್ಲವರಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಚೀಟಿಯ ಮೇಲೆ ಅವನು ಕೂಡಿಸಿದ ಮೊತ್ತವನ್ನು ಕಂಡು ಹುಡುಗನು ಮಾತಿಲ್ಲದೆ ಮೆಟ್ಟಿಲಿಳಿದನು.

ಎರಡನೆಯ ಅಂಗಡಿ ಅಂಗಡಿಯೆನ್ನುವುದಕ್ಕಿಂತ ಗೂಡು. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಹಿರಿಯರೊಬ್ಬರು ಕೇಳಿದ ಮೊದಲ ಪ್ರಶ್ನೆಯೇ "ಬೋರ್ಡು ಯಾವುದು?" ಎಂದು. ಬಿ450 ಎಂದೆವು. ಅವರ ಮುಖ ಅರಳಿತು. ನಮ್ಮ ಬೋರ್ಡಿನದು ಎಎಂ4 ಪೀಠ. ರೈಜನ್ ವಂಶದ ಮೊದಲಿಗರು 2017ರಲ್ಲಿ ಅದರ ಮೇಲೆ ಕುಳಿತರು. 2022ರ ಏಪ್ರಿಲಿನಲ್ಲಿ ಬಂದ ರೈಜನ್ 5 5600 ಕೂಡ ಅದರ ಮೇಲೆಯೇ ಕೂರಬಲ್ಲದು. ಹಳೆಯದಕ್ಕೂ ಹೊಸದಕ್ಕೂ ಆರೇ ಕೋರುಗಳು, 65 ವಾಟುಗಳೇ. ಹಾಗಾದರೆ ಹೆಚ್ಚಳವೇನು ಎಂದು ನಾನು ಕೇಳಿದೆ. ಹಳೆಯದರಲ್ಲಿ ಆರು ಕೋರುಗಳು ಮೂರು ಮೂರಾಗಿ ಪಾಲಾದ ಮನೆಯವರಂತೆ. ಒಂದೊಂದು ಪಾಲಿಗೆ 8 ಎಂಬಿ ಕ್ಯಾಶೆಯ ಉಗ್ರಾಣ, ಗೋಡೆಯಾಚೆಯದನ್ನು ಕೇಳಿ ತರಬೇಕಾದರೆ ತಡ. ಹೊಸದರಲ್ಲಿ ಗೋಡೆಯಿಲ್ಲ, ಆರು ಮಂದಿಗೂ ಸೇರಿ 32 ಎಂಬಿಯ ಒಂದೇ ಉಗ್ರಾಣ. ಆಟಗಳಿಗೆ ಬೇಕಾದುದು ಇದೇ. ಇದಕ್ಕೂ ಮಿಗಿಲಾಗಿ, 96 ಎಂಬಿ ಉಗ್ರಾಣವುಳ್ಳ 5800ಎಕ್ಸ್3ಡಿ ಎಂಬುದೊಂದುಂಟು. ಹುಡುಗನ ಕಣ್ಣು ಅತ್ತ ಹರಿಯಿತು. ಆದರೆ ಹಿರಿಯರೇ ತಡೆದರು: ನಿಮ್ಮ ಕಾರ್ಡಿಗೆ ಅದು ಅತಿಯಾಯಿತು, ಮುಂದೆ ಕಾಯಬೇಕಾದವನು ವ್ಯಾಸನಾಗುತ್ತಾನೆ. (ವ್ಯಾಸನೆಂಬ ಮಾತು ನನ್ನದು, ಅರ್ಥ ಅವರದು.)

ಬೆಲೆ ಹತ್ತು ಸಾವಿರದ ಒಳಗೇ ನಿಂತಿತು. ಬಿಲ್ಲಿಲ್ಲದೆ ಬಿಡಿಯಾಗಿ ಕೊಂಡರೆ ಇನ್ನೂ ಅಗ್ಗಕ್ಕೆ ಸಿಗುವ ಮಾಲು ಬೀದಿಯಲ್ಲಿ ಉಂಟು. ಆದರೆ ಮೊಹರಿನ ಪೆಟ್ಟಿಗೆಗಿರುವ ಮೂರು ವರ್ಷದ ಹೊಣೆ ಅದಕ್ಕಿಲ್ಲ. ಟ್ಯೂಷನ್ ಹೇಳಿ ಗಳಿಸಿದ ಹಣಕ್ಕೆ ಆ ಹೊಣೆ ಇರಲೇಬೇಕೆಂದು ನಾನು ಹಟ ಹಿಡಿದೆ. ಉಳಿದ ಎರಡು ಸಾವಿರ ಚಿಲ್ಲರೆ ಅಕ್ಕನ ಕೈ ಸೇರಿತು. ಅವಳ ಲೆಕ್ಕ ಪೂರ್ತಿಯಾಗಿ ತೀರಲಿಲ್ಲ ನಿಜ. ಆದರೆ ಹೊಸ ಯಂತ್ರ ಬೇಕೆಂಬ ಮಾತು ಇನ್ನೆರಡು ಮೂರು ವರ್ಷ ಮನೆಯಲ್ಲಿ ಏಳದೆಂದು ಅವಳಿಗೆ ಭಾಷೆ ಕೊಡಿಸಿದ್ದೇನೆ.

ಹಿರಿಯರು ಹಣ ಎಣಿಸಿಕೊಂಡ ಮೇಲೆ ಹೇಳಿದ ಮಾತುಗಳು ಹಣಕ್ಕಿಂತ ಬೆಲೆಯುಳ್ಳವು. ಹಳೆಯ ಪ್ರೊಸೆಸರು ಇದ್ದಂತೆಯೇ ಬೋರ್ಡಿನ ಬಯಾಸನ್ನು ಹೊಸದಾಗಿಸಿಕೊಳ್ಳಬೇಕು. ಮೊದಲೇ ಕಿತ್ತರೆ ಬೋರ್ಡು ಹೊಸಬನನ್ನು ಗುರುತಿಸದಿರಬಹುದು. ಆ ಕೆಲಸದ ನಡುವೆ ವಿದ್ಯುತ್ತು ಹೋದರೆ ಬೋರ್ಡಿಗೇ ಕುತ್ತು; ಯುಪಿಎಸ್ ಇಲ್ಲದೆ ಕೈಹಾಕಬಾರದು. ಈ ಪೀಠದ 1331 ಸೂಜಿಕಾಲುಗಳಿರುವುದು ಪ್ರೊಸೆಸರಿನ ಅಡಿಯಲ್ಲಿ. ಮೇಲಿನ ಫ್ಯಾನನ್ನು ತಣ್ಣಗಿರುವಾಗ ನೇರವಾಗಿ ಎಳೆದರೆ ಒಣಗಿದ ಲೇಪಕ್ಕೆ ಅಂಟಿಕೊಂಡ ಪ್ರೊಸೆಸರೂ ಕಿತ್ತು ಬಂದು ಕಾಲುಗಳು ಬಾಗುತ್ತವೆ. ಆದುದರಿಂದ ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ ಬೆಚ್ಚಗಾಗಿಸಿ, ಆರಿಸಿ, ಫ್ಯಾನನ್ನು ಮೆಲ್ಲನೆ ಅತ್ತಿತ್ತ ತಿರುಗಿಸಿ ಬಿಡಿಸಬೇಕು.

ಭಾನುವಾರ ಹಾಗೆಯೇ ಮಾಡಿದೆವು. ಹೊಗೆಯ ಗಳಿಗೆಯಲ್ಲಿ ಸಂಖ್ಯೆ ನೂರರ ಕೆಳಗೆ ಇಳಿದುದನ್ನು ನಾನು ಕಾಣಲಿಲ್ಲ. ಹಳೆಯ ಪ್ರೊಸೆಸರು ಕೊಳ್ಳುವವರನ್ನು ಕಾಯುತ್ತ, ಹೊಸದರ ಪೆಟ್ಟಿಗೆಯಲ್ಲೇ ಹತ್ತಿಯ ನಡುವೆ ಮಲಗಿದೆ.